ದೊಡ್ಡ ಕರುಳಿನ ಕ್ಯಾನ್ಸರ್: ಆಪರೇಷನ್ ಆದ ಮೇಲೆ ಕೀಮೋ ಬೇಕೋ ಬೇಡವೋ, ರಕ್ತವನ್ನು ಕೇಳುವುದು ಹೇಗೆ?

ರಾಯಚೂರಿನಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಬೆಂಗಳೂರಿನಲ್ಲಿ ದೊಡ್ಡ ಕರುಳಿನ ಆಪರೇಷನ್ ಆಯಿತು. ಹತ್ತನೇ ದಿನ ಬಯಾಪ್ಸಿ ರಿಪೋರ್ಟ್ ಬಂತು. ಡಾಕ್ಟರು ಅದನ್ನು ಎರಡು ಸಲ ಓದಿ ಹೇಳಿದರು: "ಸ್ಟೇಜ್ ಎರಡು. ಗಡ್ಡೆ ಪೂರ್ತಿ ತೆಗೆದಿದ್ದೇವೆ. ಕೀಮೋ ಕೊಡಬಹುದು, ಕೊಡದೆಯೂ ಇರಬಹುದು."

ಈ ಕೊನೆಯ ಮಾತು ಮನೆಯವರ ನಿದ್ದೆ ಕೆಡಿಸುತ್ತದೆ. ಕೊಡಿ ಎಂದರೆ ತಿಂಗಳುಗಟ್ಟಲೆ ವಾಂತಿ, ಸುಸ್ತು, ಖರ್ಚು. ಬೇಡ ಎಂದರೆ ನಾಳೆ ಕಾಯಿಲೆ ಮರಳಿ ಬಂದಾಗ ನಾವೇ ತಪ್ಪು ಮಾಡಿದೆವು ಅನ್ನುವ ಭಯ. ಆಗ ಯಾರೋ, "ಈಗ ರಕ್ತ ಪರೀಕ್ಷೆಯಲ್ಲೇ ಕ್ಯಾನ್ಸರ್ ಉಳಿದಿದೆಯಾ ಅಂತ ಗೊತ್ತಾಗುತ್ತಂತೆ" ಎಂದರು. ಮಾತು ನಿಜವೇ. ಆದರೆ ನಾವು ಅದನ್ನು ಕೇಳಿದ್ದು ತಡವಾಗಿ. ಪರೀಕ್ಷೆಯ ಉತ್ತರ ಬರುವ ಹೊತ್ತಿಗೆ ಚಿಕ್ಕಮ್ಮ ಕೀಮೋ ಮಾತ್ರೆ ಶುರು ಮಾಡಿಯಾಗಿತ್ತು. ನಿಮ್ಮ ಮನೆಯಲ್ಲಿ ಹಾಗಾಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಎರಡು ವರ್ಷ ಫೈಲು ಹಿಡಿದು ಓಡಾಡಿದವರ ಮನೆಯವನು. ಚಿಕಿತ್ಸೆಯ ತೀರ್ಮಾನ ನಿಮ್ಮ ಆಂಕಾಲಜಿಸ್ಟ್ ಜೊತೆ ಕೂತು ಮಾಡುವಂಥದ್ದು. ಆ ಕೂರುವಿಕೆಗೆ ನೀವು ತಯಾರಾಗಿ ಹೋಗಬೇಕು, ಅಷ್ಟೇ.

ಮೊದಲ ಹೆಜ್ಜೆ: ಬಯಾಪ್ಸಿ ರಿಪೋರ್ಟನ್ನು ನೀವೂ ಓದಿ

ರಕ್ತ ಪರೀಕ್ಷೆಗೆ ಹೋಗುವ ಮುಂಚೆ, ಕೈಯಲ್ಲಿರುವ ಕಾಗದವೇ ಬಹಳಷ್ಟು ಹೇಳುತ್ತದೆ. ಆಪರೇಷನ್ನಿನಲ್ಲಿ ತೆಗೆದ ಕರುಳಿನ ಹಿಸ್ಟೋಪೆಥಾಲಜಿ ರಿಪೋರ್ಟಿನಲ್ಲಿ ನಾಲ್ಕು ಸಂಗತಿಗೆ ಪೆನ್ನಿನಿಂದ ಗುರುತು ಹಾಕಿ. ಗಡ್ಡೆ ಕರುಳಿನ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ಅಂದರೆ ಟಿ1ರಿಂದ ಟಿ4ರವರೆಗಿನ ಅಂಕಿ; ಅಂಕಿ ದೊಡ್ಡದಾದಷ್ಟೂ ಗಡ್ಡೆ ಆಳ. ಎಷ್ಟು ಲಿಂಫ್ ಗ್ರಂಥಿಗಳನ್ನು ನೋಡಿದ್ದಾರೆ, ಅವುಗಳಲ್ಲಿ ಎಷ್ಟರಲ್ಲಿ ಕ್ಯಾನ್ಸರ್ ಇದೆ. ಕರುಳು ಕಟ್ಟಿಕೊಂಡು ಅಥವಾ ತೂತಾಗಿ ತುರ್ತು ಆಪರೇಷನ್ ಆಗಿದ್ದೇ. ಕೊನೆಯದು ಎಂಎಸ್‌ಐ ಅಥವಾ ಎಂಎಂಆರ್ ಎನ್ನುವ ಪರೀಕ್ಷೆಯ ಫಲಿತಾಂಶ; ಡಿಎನ್‌ಎ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಗಡ್ಡೆಯಲ್ಲಿ ಕೆಟ್ಟಿದೆಯೇ ಎಂದು ಇದು ಹೇಳುತ್ತದೆ.

ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದರೆ ಅದು ಸ್ಟೇಜ್ ಮೂರು. ಅಲ್ಲಿ ಕೀಮೋ ಕೊಡುವುದೇ ರೂಢಿ. ಇಲ್ಲದಿದ್ದರೆ ಸ್ಟೇಜ್ ಎರಡು ಅಥವಾ ಒಂದು. ಸ್ಟೇಜ್ ಎರಡರಲ್ಲಿ ಹೆಚ್ಚು ಕಡಿಮೆ ಐವರಲ್ಲಿ ನಾಲ್ವರು ಬರೀ ಆಪರೇಷನ್ನಿನಿಂದಲೇ ಗುಣವಾಗುತ್ತಾರೆ. ಎಲ್ಲರಿಗೂ ಕೀಮೋ ಕೊಟ್ಟರೆ ಆ ನಾಲ್ವರಿಗೆ ಸುಮ್ನೆ ವಿಷ ಕೊಟ್ಟ ಹಾಗೆ. ಯಾರಿಗೂ ಕೊಡದಿದ್ದರೆ ಐದನೆಯವರು ಕೈತಪ್ಪುತ್ತಾರೆ. ಆ ಐದನೆಯವರು ಯಾರು? ಪ್ರಶ್ನೆ ಇರುವುದೇ ಅಲ್ಲಿ.

ನೋಡಿದ ಗ್ರಂಥಿಗಳು 12ಕ್ಕಿಂತ ಕಡಿಮೆ ಇದ್ದರೆ, ಟಿ4 ಇದ್ದರೆ, ಕರುಳು ತೂತಾಗಿದ್ದರೆ ಅಪಾಯ ಜಾಸ್ತಿ ಎಂದು ಡಾಕ್ಟರು ಲೆಕ್ಕ ಹಾಕುತ್ತಾರೆ. ನಮ್ಮ ಚಿಕ್ಕಮ್ಮನ ರಿಪೋರ್ಟಿನಲ್ಲಿ ಒಂಬತ್ತೇ ಗ್ರಂಥಿ ಇದ್ದವು. ಇನ್ನು ಎಂಎಸ್‌ಐ ಹೈ ಎಂದು ಬಂದರೆ ಅದು ಸ್ಟೇಜ್ ಎರಡರಲ್ಲಿ ಒಳ್ಳೆಯ ಸುದ್ದಿ. ಅಂಥವರಲ್ಲಿ ಕಾಯಿಲೆ ಮರಳುವುದು ಕಡಿಮೆ, 5-ಎಫ್‌ಯು ಅಥವಾ ಕ್ಯಾಪೆಸಿಟಬೈನ್ ಎಂಬ ಕೀಮೋ ಔಷಧ ಒಂದನ್ನೇ ಕೊಟ್ಟರೆ ಪ್ರಯೋಜನವೂ ಕಾಣುವುದಿಲ್ಲ. ಈ ಫಲಿತಾಂಶ ರಿಪೋರ್ಟಿನಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ದುಬಾರಿ ರಕ್ತ ಪರೀಕ್ಷೆಗಿಂತ ಮುಂಚೆ ಇದು ಆಗಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ.

ಈ ಪರೀಕ್ಷೆ ಹುಡುಕುವುದು ಏನನ್ನು?

ನಮ್ಮ ಮೈಯಲ್ಲಿ ಜೀವಕೋಶಗಳು ಸಾಯುತ್ತಲೇ ಇರುತ್ತವೆ. ಸತ್ತಾಗ ಅವುಗಳ ಡಿಎನ್‌ಎ ಚೂರುಗಳು ರಕ್ತಕ್ಕೆ ಬಂದು ಬೀಳುತ್ತವೆ. ರಕ್ತದಲ್ಲಿ ಹೀಗೆ ಬಿಡಿ ಡಿಎನ್‌ಎ ಇರುತ್ತದೆ ಎಂದು 1948ರಲ್ಲೇ ಫ್ರಾನ್ಸಿನ ವಿಜ್ಞಾನಿಗಳು ಬರೆದಿದ್ದರು. ಕ್ಯಾನ್ಸರ್ ಕೋಶ ಸತ್ತರೂ ಚೂರು ಬೀಳುತ್ತದೆ. ಆ ಚೂರಿನಲ್ಲಿ ಆ ಗಡ್ಡೆಗೇ ವಿಶಿಷ್ಟವಾದ ತಪ್ಪುಗಳಿರುತ್ತವೆ. ಇದಕ್ಕೆ ಸಿಟಿಡಿಎನ್‌ಎ ಎಂದು ಹೆಸರು.

ಈ ಚೂರುಗಳ ಆಯಸ್ಸು ಬಹಳ ಕಡಿಮೆ. ಸುಮಾರು ಎರಡು ಗಂಟೆಯೊಳಗೆ ಅರ್ಧಕ್ಕರ್ಧ ಕರಗಿ ಹೋಗುತ್ತವೆ. ಹಾಗಾಗಿ ಆಪರೇಷನ್ ಆಗಿ ಒಂದು ತಿಂಗಳಾದ ಮೇಲೂ ರಕ್ತದಲ್ಲಿ ಗಡ್ಡೆಯ ಚೂರು ಸಿಕ್ಕರೆ, ಅದು ಹಳೆಯ ಗಡ್ಡೆಯ ಬಾಕಿ ಅಲ್ಲ. ಎಲ್ಲೋ ಕಣ್ಣಿಗೆ ಕಾಣದಷ್ಟು ಕ್ಯಾನ್ಸರ್ ಕೋಶಗಳು ಈಗಲೂ ಜೀವಂತ ಇವೆ ಎಂದರ್ಥ. ಇಷ್ಟು ಸಣ್ಣದನ್ನು ಸಿಟಿ ಸ್ಕ್ಯಾನ್ ಹಿಡಿಯಲಾರದು.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಜೀನ್ ಟೈ, ಪೀಟರ್ ಗಿಬ್ಸ್ ಮತ್ತು ಅವರ ಜೊತೆಗಾರರು ಇದನ್ನು ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ನೋಡಿದರು. 2016ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕೀಮೋ ತೆಗೆದುಕೊಳ್ಳದ 178 ಸ್ಟೇಜ್ ಎರಡರ ರೋಗಿಗಳಿದ್ದರು. ಆಪರೇಷನ್ ನಂತರ ಚೂರು ಸಿಕ್ಕಿದ್ದು 14 ಜನರಲ್ಲಿ. ಅವರಲ್ಲಿ 11 ಜನರಿಗೆ ಕಾಯಿಲೆ ಮರಳಿತು. ಸಿಗದ 164 ಜನರಲ್ಲಿ ಮರಳಿದ್ದು 16 ಜನರಿಗೆ. ಈ ಎರಡನೆಯ ಸಂಖ್ಯೆಯನ್ನೂ ನೆನಪಿಡಿ, ಮುಂದೆ ಬೇಕಾಗುತ್ತದೆ.

ಆಮೇಲೆ ಅದೇ ತಂಡ ಡೈನಮಿಕ್ ಎನ್ನುವ ಟ್ರಯಲ್ ನಡೆಸಿತು. ಫಲಿತಾಂಶ ಬಂದಿದ್ದು 2022ರಲ್ಲಿ. ಸ್ಟೇಜ್ ಎರಡರ 455 ರೋಗಿಗಳು. ಮೂರರಲ್ಲಿ ಎರಡು ಪಾಲು ಜನರಿಗೆ ರಕ್ತ ಪರೀಕ್ಷೆ ನೋಡಿ ಕೀಮೋ ತೀರ್ಮಾನ, ಉಳಿದವರಿಗೆ ಹಳೆಯ ಪದ್ಧತಿ. ರಕ್ತ ನೋಡಿದ ಗುಂಪಿನಲ್ಲಿ ಕೀಮೋ ಪಡೆದವರು ಶೇ. 15, ಹಳೆಯ ಪದ್ಧತಿಯಲ್ಲಿ ಶೇ. 28. ಎರಡು ವರ್ಷದ ನಂತರ ಕಾಯಿಲೆ ಮರಳದೆ ಇದ್ದವರು ಶೇ. 93.5 ಮತ್ತು ಶೇ. 92.4. ಅಂದರೆ ಕೀಮೋ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು, ಕಾಯಿಲೆ ಮರಳುವುದು ಹೆಚ್ಚಲಿಲ್ಲ.

ಎರಡನೇ ಹೆಜ್ಜೆ: ರಕ್ತ ಕೊಡುವ ಮೊದಲೇ ಮಾತು ಮುಗಿಸಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಟೆಸ್ಟ್ ಬರೆಸಿಕೊಳ್ಳುವ ಮುಂಚೆ ಡಾಕ್ಟರನ್ನು ಕೇಳಿ: "ಪಾಸಿಟಿವ್ ಬಂದರೆ ಏನು ಮಾಡುತ್ತೀರಿ? ನೆಗೆಟಿವ್ ಬಂದರೆ ಏನು ಮಾಡುತ್ತೀರಿ?"

ಎರಡಕ್ಕೂ ಉತ್ತರ ಒಂದೇ ಆದರೆ ಪರೀಕ್ಷೆ ಬೇಡ. ಆ ದುಡ್ಡು ಉಳಿಸಿ. ಉದಾಹರಣೆಗೆ, ಗ್ರಂಥಿಗಳಲ್ಲಿ ಕ್ಯಾನ್ಸರ್ ಇದ್ದು, ಡಾಕ್ಟರು "ನೆಗೆಟಿವ್ ಬಂದರೂ ಕೀಮೋ ಕೊಟ್ಟೇ ಕೊಡುತ್ತೇನೆ" ಎಂದರೆ, ಆ ಕಾಗದದಿಂದ ನಿಮಗೆ ಸಿಗುವುದು ಏನು? ಅದೇ ಸ್ಟೇಜ್ ಎರಡರಲ್ಲಿ, ಎರಡೂ ಕಡೆ ತೂಗುತ್ತಿರುವಾಗ, ಡಾಕ್ಟರು "ನೆಗೆಟಿವ್ ಬಂದರೆ ಕೀಮೋ ಬಿಟ್ಟು ಕಾದು ನೋಡೋಣ" ಎಂದರೆ ಪರೀಕ್ಷೆಗೆ ಅರ್ಥವಿದೆ.

ಖರ್ಚಿನ ಮಾತನ್ನೂ ಅಂದೇ ಆಡಿ. ಮೊದಲ ಸಲ ಗಡ್ಡೆಯ ಡಿಎನ್‌ಎ ಓದುವುದಕ್ಕೆ ಒಂದು ದರ, ಆಮೇಲೆ ಪ್ರತಿ ಸಲ ರಕ್ತ ನೋಡುವುದಕ್ಕೆ ಬೇರೆ ದರ ಇರಬಹುದು. ಒಟ್ಟು ಎಷ್ಟು ಸಲ, ಒಟ್ಟು ಎಷ್ಟು ಎಂದು ಕೇಳಿ. ಇನ್ಶೂರೆನ್ಸ್ ಇದ್ದರೆ ಕೊಡುತ್ತಾರೋ ಇಲ್ಲವೋ ಎಂದು ಬರಹದಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ಬಿಲ್ ಕಟ್ಟುವಾಗ ನಿಲ್ಲುವುದಿಲ್ಲ.

ಮೂರನೇ ಹೆಜ್ಜೆ: ಬ್ಲಾಕ್ ಕೇಳಿ, ಆವತ್ತೇ ಕೇಳಿ

ನಾವು ಎಡವಿದ್ದು ಇಲ್ಲೇ. ಹೆಚ್ಚು ಭರವಸೆಯ ಪರೀಕ್ಷೆಗಳು ಮೊದಲು ನಿಮ್ಮ ಗಡ್ಡೆಯನ್ನು ಓದುತ್ತವೆ. ಅದರಲ್ಲಿರುವ ತಪ್ಪುಗಳ ಪಟ್ಟಿ ಮಾಡಿಕೊಂಡು, ಆಮೇಲೆ ಅದೇ ತಪ್ಪುಗಳನ್ನು ನಿಮ್ಮ ರಕ್ತದಲ್ಲಿ ಹುಡುಕುತ್ತವೆ. ಡೈನಮಿಕ್ ಟ್ರಯಲ್‌ನಲ್ಲಿ ಬಳಸಿದ್ದೂ ಈ ಬಗೆಯದ್ದೇ. ಅದಕ್ಕೆ ಗಡ್ಡೆಯ ತುಂಡು ಬೇಕು. ಅದು ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಮೇಣದಲ್ಲಿ ಹುದುಗಿಸಿ ಇಟ್ಟ ಸಣ್ಣ ಚೌಕ. ಎಲ್ಲರೂ ಅದನ್ನು ಬ್ಲಾಕ್ ಎನ್ನುತ್ತಾರೆ. ಕೇಳಿದರೆ ರಸೀದಿ ಬರೆಸಿಕೊಂಡು ಕೊಡುತ್ತಾರೆ.

ನಮಗೆ ಬ್ಲಾಕ್ ಬೇಕು ಎಂದು ಗೊತ್ತಾಗಿದ್ದು ಆಪರೇಷನ್ ಆಗಿ ಐದನೇ ವಾರದಲ್ಲಿ. ಕೇಳಿದಾಗ "ರೆಕಾರ್ಡ್ ರೂಮಿನಲ್ಲಿದೆ, ನಾಳೆ ಬನ್ನಿ" ಎಂದರು. ಆ ನಾಳೆ ಹತ್ತು ದಿನವಾಯಿತು. ಲ್ಯಾಬಿಗೆ ತಲುಪಿದ್ದು ಏಳನೇ ವಾರ. ಮೊದಲ ಸಲದ ಪರೀಕ್ಷೆಗೆ ಮೂರು ನಾಲ್ಕು ವಾರ ಹಿಡಿಯುತ್ತದೆ, ಏಕೆಂದರೆ ನಿಮಗೆಂದೇ ಹೊಸದಾಗಿ ತಯಾರಿಸಬೇಕು. ಇತ್ತ ಕೀಮೋ ಕೊಡುವುದಾದರೆ ಆಪರೇಷನ್ ಆಗಿ ಎಂಟು ವಾರದೊಳಗೆ ಶುರು ಮಾಡುವುದು ಒಳ್ಳೆಯದು ಎಂದು ಡಾಕ್ಟರುಗಳು ಹೇಳುತ್ತಾರೆ. ನಮ್ಮ ಡಾಕ್ಟರು ಕಾಯಲಿಲ್ಲ. ಒಂಬತ್ತೇ ಗ್ರಂಥಿ ಇದ್ದದ್ದು ನೋಡಿ ಮಾತ್ರೆ ಶುರು ಮಾಡಿದರು. ಅದು ಸರಿಯೇ. ಆದರೆ ಆ ಹತ್ತು ದಿನ ಯಾರೂ ವಾಪಸ್ ಕೊಡುವುದಿಲ್ಲ, ಅಲ್ವಾ?

ಟ್ರಯಲ್‌ನಲ್ಲೂ ಈ ತಡ ಇತ್ತು. ರಕ್ತ ನೋಡಿ ಕೀಮೋ ಕೊಟ್ಟವರಲ್ಲಿ ಶುರುವಾಗಲು ಸರಾಸರಿ 83 ದಿನ ಹಿಡಿದಿತ್ತು, ಹಳೆಯ ಪದ್ಧತಿಯಲ್ಲಿ 53 ದಿನ. ಆದ್ದರಿಂದ ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ದಿನವೇ, ಅದೇ ಕೌಂಟರಿನಲ್ಲಿ, ಬ್ಲಾಕ್ ಮತ್ತು ಸ್ಲೈಡುಗಳಿಗೆ ಅರ್ಜಿ ಬರೆದು ಕೊಡಿ. ಯಾವ ಬ್ಲಾಕಿನಲ್ಲಿ ಗಡ್ಡೆ ಜಾಸ್ತಿ ಇದೆ ಎಂದು ಪೆಥಾಲಜಿಸ್ಟ್ ಗುರುತು ಮಾಡಿಕೊಟ್ಟರೆ ಇನ್ನೂ ಒಳ್ಳೆಯದು. ಕೆಲಸ ಮುಗಿದ ಮೇಲೆ ಬ್ಲಾಕ್ ವಾಪಸ್ ತರಿಸಿಕೊಂಡು ಜೋಪಾನವಾಗಿಡಿ. ಮುಂದೆ ಬೇರೆ ಪರೀಕ್ಷೆಗೂ ಅದೇ ಬೇಕು.

ನಾಲ್ಕನೇ ಹೆಜ್ಜೆ: ರಕ್ತ ಕೊಡುವ ದಿನ

ಆಪರೇಷನ್ ಆದ ವಾರದಲ್ಲೇ ರಕ್ತ ಕೊಡಬೇಡಿ. ಗಾಯ ಮಾಯುವಾಗ ಆರೋಗ್ಯವಂತ ಕೋಶಗಳ ಡಿಎನ್‌ಎ ರಕ್ತದಲ್ಲಿ ತುಂಬಿರುತ್ತದೆ. ಅದರ ನಡುವೆ ಗಡ್ಡೆಯ ಒಂದೆರಡು ಚೂರು ಹುಡುಕುವುದು ಜಾತ್ರೆಯಲ್ಲಿ ಕಳೆದ ಮಗುವನ್ನು ಹುಡುಕಿದ ಹಾಗೆ. ಡೈನಮಿಕ್‌ನಲ್ಲಿ ನಾಲ್ಕನೇ ವಾರ ಒಮ್ಮೆ, ಏಳನೇ ವಾರ ಇನ್ನೊಮ್ಮೆ ರಕ್ತ ತೆಗೆದರು. ಎರಡರಲ್ಲಿ ಯಾವುದೊಂದು ಪಾಸಿಟಿವ್ ಬಂದರೂ ಪಾಸಿಟಿವ್ ಎಂದೇ ಲೆಕ್ಕ. ಕೀಮೋ ಶುರುವಾದ ಮೇಲೆ ರಕ್ತ ಕೊಟ್ಟರೆ ಔಷಧ ಆ ಚೂರುಗಳನ್ನು ತಾತ್ಕಾಲಿಕವಾಗಿ ಅಡಗಿಸಿರಬಹುದು. ಹಾಗಾಗಿ ಮೊದಲ ಡೋಸ್‌ಗೆ ಮುಂಚೆಯೇ ಕೊಡಬೇಕು.

ತೆಗೆಯುವುದು ಸಾಮಾನ್ಯವಾಗಿ 10 ಎಂ.ಎಲ್.ನ ಎರಡು ಟ್ಯೂಬು. ಆ ಟ್ಯೂಬು ಮುಖ್ಯ. ನೇರಳೆ ಮುಚ್ಚಳದ ಮಾಮೂಲಿ ಇಡಿಟಿಎ ಟ್ಯೂಬಿನಲ್ಲಿ ರಕ್ತ ಇಟ್ಟರೆ ಕೆಲವು ಗಂಟೆಗಳಲ್ಲಿ ಬಿಳಿ ರಕ್ತಕಣಗಳು ಒಡೆದು ತಮ್ಮ ಡಿಎನ್‌ಎ ಚೆಲ್ಲುತ್ತವೆ. ಅದಕ್ಕೆಂದೇ ಬಿಳಿ ಕಣಗಳನ್ನು ಒಡೆಯಲು ಬಿಡದ ವಿಶೇಷ ಟ್ಯೂಬುಗಳಿವೆ, ಲ್ಯಾಬಿನವರೇ ಕಿಟ್ಟಿನಲ್ಲಿ ಕೊಡುತ್ತಾರೆ. ಟ್ಯೂಬಿನ ಮೇಲಿನ ಎಕ್ಸ್‌ಪೈರಿ ದಿನ ನೋಡಿ. ಗೆರೆಯವರೆಗೂ ತುಂಬಿಸಲು ಹೇಳಿ. ತುಂಬಿದ ಮೇಲೆ ಅಲುಗಾಡಿಸಿ ಕುಲುಕಬಾರದು, ಮೆಲ್ಲಗೆ ಮಗುಚಿ ಮಗುಚಿ ಬೆರೆಸಬೇಕು. ಫ್ರಿಜ್ಜಿನಲ್ಲಿ ಇಡಬಾರದು. ಇಂಥ ಟ್ಯೂಬುಗಳು ಮನೆಯ ಉಷ್ಣಾಂಶದಲ್ಲಿ ಕೆಲವು ದಿನ ತಡೆಯುತ್ತವೆ, ಆದರೆ 37 ಡಿಗ್ರಿ ದಾಟಬಾರದು. ರಾಯಚೂರು, ಕಲಬುರಗಿ ಕಡೆಯವರಿಗೆ ಇದು ದೊಡ್ಡ ವಿಷಯ. ಏಪ್ರಿಲ್ ಮೇ ತಿಂಗಳಲ್ಲಿ ಅಲ್ಲಿ 40 ಡಿಗ್ರಿ ದಾಟುತ್ತದೆ. ನಿಲ್ಲಿಸಿದ ಕಾರಿನಲ್ಲಿ, ಕೊರಿಯರ್ ಗಾಡಿಯಲ್ಲಿ ಇನ್ನೂ ಜಾಸ್ತಿ. ಸಾಧ್ಯವಾದರೆ ಡಾಕ್ಟರನ್ನು ನೋಡಲು ಬೆಂಗಳೂರಿಗೋ ಹುಬ್ಬಳ್ಳಿಗೋ ಬಂದ ದಿನವೇ ಅಲ್ಲೇ ರಕ್ತ ಕೊಡಿ.

ಇತ್ತೀಚೆಗೆ ರಕ್ತ ಏರಿಸಿದ್ದರೆ, ಮುಂಚೆ ಬೇರೆ ಕ್ಯಾನ್ಸರ್ ಇದ್ದಿದ್ದರೆ, ಅಂಗ ಕಸಿ ಆಗಿದ್ದರೆ ಫಾರಂನಲ್ಲಿ ಬರೆಯಿರಿ. ಉಪವಾಸ ಬೇಕಿಲ್ಲ.

ಐದನೇ ಹೆಜ್ಜೆ: ಉತ್ತರ ಬಂದಾಗ

ಪಾಸಿಟಿವ್ ಎಂದು ಬಂದರೆ ಕಾಲ ಕೆಳಗಿನ ನೆಲ ಕುಸಿದ ಹಾಗೆ ಆಗುತ್ತದೆ. ಆದರೆ ಡೈನಮಿಕ್‌ನಲ್ಲಿ ಪಾಸಿಟಿವ್ ಬಂದು ಕೀಮೋ ಪಡೆದವರಲ್ಲಿ ಮೂರು ವರ್ಷದ ನಂತರ ಕಾಯಿಲೆ ಮರಳದೆ ಇದ್ದವರು ಶೇ. 86.4. ಕೀಮೋ ಇಲ್ಲದೆ 14ರಲ್ಲಿ 11 ಜನರಿಗೆ ಮರಳಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎರಡೂ ಬೇರೆ ಬೇರೆ ಅಧ್ಯಯನ, ನೇರ ಹೋಲಿಕೆ ಸರಿಯಲ್ಲ. ಆದರೂ ಹಿಡಿದುಕೊಳ್ಳಲು ಅಲ್ಲೊಂದು ಆಸರೆ ಇದೆ. ಕೀಮೋಗೆ ಮುಂಚೆ ಒಂದು ಸಿಟಿ ಸ್ಕ್ಯಾನ್ ಮಾಡಿಸಬೇಕೇ ಎಂದು ಡಾಕ್ಟರನ್ನು ಕೇಳಿ.

ನೆಗೆಟಿವ್ ಬಂದರೆ ಮನೆಯಲ್ಲಿ ಹಬ್ಬವಾಗುತ್ತದೆ. ಆಗಲಿ. ಆದರೆ ಆ 164ರಲ್ಲಿ 16 ಜನರನ್ನು ಮರೆಯಬೇಡಿ. ಕೆಲವು ಕ್ಯಾನ್ಸರ್‌ಗಳು ರಕ್ತಕ್ಕೆ ಕಡಿಮೆ ಚೂರು ಬಿಡುತ್ತವೆ. ಶ್ವಾಸಕೋಶಕ್ಕೆ ಅಥವಾ ಹೊಟ್ಟೆಯ ಒಳಪೊರೆಗೆ ಹರಡಿದ ಕಾಯಿಲೆ ಈ ಪರೀಕ್ಷೆಯಿಂದ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ನೆಗೆಟಿವ್ ರಿಪೋರ್ಟ್ ನೋಡಿ ಫಾಲೋಅಪ್ ಬಿಟ್ಟರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ.

ಇನ್ನೊಂದು ಸೂಕ್ಷ್ಮ. ವಯಸ್ಸಾದಂತೆ ನಮ್ಮ ರಕ್ತಕಣಗಳಲ್ಲೇ ಕೆಲವು ಡಿಎನ್‌ಎ ತಪ್ಪುಗಳು ಹುಟ್ಟುತ್ತವೆ. ಅವಕ್ಕೂ ಗಡ್ಡೆಗೂ ಸಂಬಂಧವಿಲ್ಲ. ಗಡ್ಡೆಯನ್ನು ಮೊದಲು ಓದದೆ ಬರೀ ರಕ್ತ ನೋಡುವ ಪರೀಕ್ಷೆಯಲ್ಲಿ ಇವು ಗೊಂದಲ ಮಾಡಬಹುದು. ಬಿಳಿ ರಕ್ತಕಣದ ಡಿಎನ್‌ಎ ಜೊತೆ ಹೋಲಿಸಿದ್ದೀರಾ ಎಂದು ಲ್ಯಾಬನ್ನು ಕೇಳಿ.

ಸ್ಟೇಜ್ ಮೂರಿನವರು ಇದನ್ನು ನಿಧಾನವಾಗಿ ಓದಿ

ಸ್ಟೇಜ್ ಎರಡರ ಸುದ್ದಿ ಕೇಳಿ ಸ್ಟೇಜ್ ಮೂರಿನವರೂ "ನೆಗೆಟಿವ್ ಬಂತು, ಕೀಮೋ ಬೇಡ" ಎನ್ನುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಅದೇ ಆಸ್ಟ್ರೇಲಿಯಾದ ತಂಡ ಸ್ಟೇಜ್ ಮೂರರಲ್ಲಿ ನಡೆಸಿದ ಟ್ರಯಲ್‌ನ ಫಲಿತಾಂಶ 2025ರಲ್ಲಿ ಬಂತು. ನೆಗೆಟಿವ್ ಬಂದವರಿಗೆ ಕೀಮೋ ಕಡಿಮೆ ಮಾಡಿದಾಗ ಆಕ್ಸಾಲಿಪ್ಲಾಟಿನ್ ಪಡೆದವರು ಸುಮಾರು ಶೇ. 89ರಿಂದ ಶೇ. 35ಕ್ಕೆ ಇಳಿದರು. ಕೈಕಾಲು ಜೋಮು ಹಿಡಿಸುವ ಔಷಧ ಅದು, ಇಳಿದದ್ದು ಸಣ್ಣ ಲಾಭವಲ್ಲ. ಆದರೆ ಮೂರು ವರ್ಷಕ್ಕೆ ಕಾಯಿಲೆ ಮರಳದವರು ಸುಮಾರು ಶೇ. 85, ಪೂರ್ತಿ ಕೀಮೋ ಪಡೆದವರಲ್ಲಿ ಶೇ. 88. ಎರಡೂ ಸಮ ಎಂದು ಸಾಬೀತಾಗಲಿಲ್ಲ. ಪಾಸಿಟಿವ್ ಬಂದವರಿಗೆ ಕೀಮೋ ಹೆಚ್ಚಿಸಿದರೂ ಉಪಯೋಗ ಕಾಣಲಿಲ್ಲ. ಹಾಗಾಗಿ ಸ್ಟೇಜ್ ಮೂರರಲ್ಲಿ ಈ ರಿಪೋರ್ಟನ್ನು ಕೀಮೋ ಬಿಡುವುದಕ್ಕೆ ಬಳಸುವ ಕಾಲ ಇನ್ನೂ ಬಂದಿಲ್ಲ. ಕಡಿಮೆ ಮಾಡಬೇಕೆಂದರೆ ಆರು ತಿಂಗಳ ಬದಲು ಮೂರು ತಿಂಗಳು ಸಾಕೇ ಎಂದು ಕೇಳಿ. ಅಪಾಯ ಕಡಿಮೆ ಇರುವ ಸ್ಟೇಜ್ ಮೂರರವರಿಗೆ ಅದು ಈಗ ಒಪ್ಪಿತ ದಾರಿ.

ಹಳೆಯ, ಅಗ್ಗದ ಪರೀಕ್ಷೆ: ಸಿಇಎ

ಸಿಟಿಡಿಎನ್‌ಎ ಮಾಡಿಸಲು ಆಗದಿದ್ದರೆ ಕೈ ಚೆಲ್ಲಿ ಕೂರಬೇಕಿಲ್ಲ. ಸಿಇಎ ಎನ್ನುವ ರಕ್ತ ಪರೀಕ್ಷೆ ಸಣ್ಣ ಊರಿನ ಲ್ಯಾಬಿನಲ್ಲೂ ಸಿಗುತ್ತದೆ; ಈ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಹೆಚ್ಚಾಗಬಹುದಾದ ಒಂದು ಪ್ರೋಟೀನನ್ನು ಅದು ಅಳೆಯುತ್ತದೆ. ಆಪರೇಷನ್‌ಗೆ ಮುಂಚೆ ಒಮ್ಮೆ ಮಾಡಿಸಿ. ಆಗ ಏರಿದ್ದು, ಆಮೇಲೆ ನಾಲ್ಕೈದು ವಾರಕ್ಕೆ 5ರ ಕೆಳಗೆ ಇಳಿಯದಿದ್ದರೆ ಎಲ್ಲೋ ಉಳಿದಿದೆ ಎಂಬ ಅನುಮಾನ ಬರುತ್ತದೆ. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ. ಪ್ರತಿ ಸಲ ಒಂದೇ ಲ್ಯಾಬ್. ಬೇರೆ ಬೇರೆ ಲ್ಯಾಬಿನ ಅಂಕಿ ಪಕ್ಕ ಪಕ್ಕ ಇಟ್ಟರೆ ಸುಮ್ನೆ ಗಾಬರಿ. ಬೀಡಿ ಸಿಗರೇಟು ಸೇದುವವರಲ್ಲಿ, ಲಿವರ್ ತೊಂದರೆ ಇರುವವರಲ್ಲಿ, ಕೀಮೋ ನಡೆಯುವಾಗಲೂ ಅದು ಸ್ವಲ್ಪ ಏರಬಹುದು. ಒಂದು ಸಲದ ಏರಿಕೆಗೆ ಹೆದರದೆ ಮತ್ತೊಮ್ಮೆ ಮಾಡಿಸಿ. ಒಂದೇ ಸಮನೆ ಏರುತ್ತಿದ್ದರೆ ಮಾತ್ರ ತಡ ಮಾಡಬೇಡಿ.

ಕೀಮೋ ತೀರ್ಮಾನವಾದರೆ ಇನ್ನೂ ಎರಡು ಪರೀಕ್ಷೆ

ಕ್ಯಾಪೆಸಿಟಬೈನ್ ಅಥವಾ 5-ಎಫ್‌ಯು ಶುರುವಾಗುವ ಮುಂಚೆ ಡಿಪಿವೈಡಿ ಎಂಬ ಜೀನಿನ ಪರೀಕ್ಷೆ ಬೇಕೇ ಎಂದು ಕೇಳಿ. ಈ ಔಷಧದ ಬಹುಪಾಲನ್ನು ಕರಗಿಸುವುದು ಲಿವರಿನ ಒಂದು ಕಿಣ್ವ. ಹುಟ್ಟಿನಿಂದಲೇ ಅದು ಕಡಿಮೆ ಇರುವವರಿಗೆ ಮಾಮೂಲಿ ಡೋಸೇ ಪ್ರಾಣಕ್ಕೆ ಅಪಾಯ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲೇ ಮೊದಲು ಪರೀಕ್ಷಿಸಿ ಎಂದು ಹೇಳಿತು. ಕೊರತೆ ಇದ್ದರೆ ಡೋಸ್ ಇಳಿಸುತ್ತಾರೆ ಅಥವಾ ಔಷಧ ಬದಲಿಸುತ್ತಾರೆ. ಆದರೆ ಸಾಮಾನ್ಯವಾಗಿ ನೋಡುವ ನಾಲ್ಕು ಜೀನ್ ಬದಲಾವಣೆಗಳ ಪಟ್ಟಿ ಯುರೋಪಿನವರನ್ನು ನೋಡಿ ಮಾಡಿದ್ದು. ನಮ್ಮವರಲ್ಲಿ ನಾರ್ಮಲ್ ಬಂದರೂ ಮೊದಲ ಸುತ್ತಿನಲ್ಲಿ ಬಾಯಿ ಹುಣ್ಣು, ನಿಲ್ಲದ ಭೇದಿ ಕಂಡರೆ ಮಾತ್ರೆ ನಿಲ್ಲಿಸಿ ತಕ್ಷಣ ಫೋನ್ ಮಾಡಿ. "ಕೀಮೋ ಅಂದ್ರೆ ಹೀಗೇ" ಎಂದು ಸಹಿಸಿಕೊಂಡು ಕೂರಬೇಡಿ.

ಇನ್ನೊಂದು, ಪ್ರತಿ ಸುತ್ತಿಗೆ ಮುಂಚಿನ ಸಿಬಿಸಿ (ರಕ್ತಕಣಗಳ ಲೆಕ್ಕ) ಮತ್ತು ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ). ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ನ್ಯೂಟ್ರೋಫಿಲ್ ಸಾಮಾನ್ಯವಾಗಿ 1,500 ದಾಟಿರಬೇಕು. ಇಲ್ಲದಿದ್ದರೆ ಡಾಕ್ಟರು ಒಂದು ವಾರ ಮುಂದೆ ಹಾಕಬಹುದು, ಅದಕ್ಕೆ ಬೇಸರ ಬೇಡ. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಬೇರೆ ಕ್ಯಾನ್ಸರ್ ಆದರೆ?

ಪ್ರಾಸ್ಟೇಟ್ ತೆಗೆದ ಮೇಲೆ ರಕ್ತದಲ್ಲಿ ಪಿಎಸ್‌ಎ ಎಂಬ ಪ್ರಾಸ್ಟೇಟ್ ಪ್ರೋಟೀನ್ ಲೆಕ್ಕಕ್ಕೆ ಸಿಗದಷ್ಟು ಇಳಿಯಬೇಕು. 0.2 ಮುಟ್ಟಿ, ಎರಡನೇ ಸಲವೂ ಅಷ್ಟೇ ಬಂದರೆ ರೇಡಿಯೇಷನ್ ಮಾತು ಶುರುವಾಗುತ್ತದೆ. ಮೂತ್ರಕೋಶದ ಕ್ಯಾನ್ಸರ್‌ನಲ್ಲಿ, ಆಪರೇಷನ್ ನಂತರ ಸಿಟಿಡಿಎನ್‌ಎ ಪಾಸಿಟಿವ್ ಬಂದವರಿಗೆ ಅಟೆಜೊಲಿಜುಮಾಬ್ ಎಂಬ ಇಮ್ಯುನೊಥೆರಪಿ ಕೊಟ್ಟಾಗ ಅವರು ಹೆಚ್ಚು ಕಾಲ ಬದುಕಿದರು ಎಂದು 2025ರ ಒಂದು ಟ್ರಯಲ್ ತೋರಿಸಿತು. ಸ್ತನ ಕ್ಯಾನ್ಸರ್‌ನಲ್ಲಿ ಕೀಮೋ ಬೇಕೇ ಎಂದು ಹೇಳುವ ಪ್ರಸಿದ್ಧ ಜೀನ್ ಪರೀಕ್ಷೆಗಳನ್ನು ಮಾಡುವುದು ಗಡ್ಡೆಯ ಮೇಲೆ, ರಕ್ತದ ಮೇಲಲ್ಲ. ಅಲ್ಲಿ ಆಪರೇಷನ್ ನಂತರ ರಕ್ತದ ಚೂರು ನೋಡಿ ಚಿಕಿತ್ಸೆ ಬದಲಿಸುವುದು ಇನ್ನೂ ಟ್ರಯಲ್ ಹಂತದಲ್ಲೇ ಇದೆ.

ಚಿಕ್ಕಮ್ಮನ ಮಾತ್ರೆಗಳು ಮುಗಿದಿವೆ. ಒಂದು ವರ್ಷಕ್ಕೆ ಮಾಡಿಸಬೇಕಾದ ಕೊಲೊನೋಸ್ಕೋಪಿ ಆಯಿತು. ವರ್ಷಕ್ಕೊಮ್ಮೆ ಸಿಟಿ ಸ್ಕ್ಯಾನ್, ಮೂರು ತಿಂಗಳಿಗೊಮ್ಮೆ ಸಿಇಎ ನಡೆಯುತ್ತಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಅವರೇ ಕುಂಕುಮದ ಬೊಟ್ಟು ಇಟ್ಟಿದ್ದಾರೆ. ಮೇಣದ ಬ್ಲಾಕ್ ಅವರ ಟ್ರಂಕಿನಲ್ಲಿ, ಮದುವೆಯ ಸೀರೆಯ ಪಕ್ಕದಲ್ಲಿ, ಸ್ಟೀಲ್ ಡಬ್ಬಿಯೊಳಗೆ ಇದೆ.